ಪ್ಯಾರಿಸ್ಸಿನಲ್ಲಿ ಆರು ರಾತ್ರಿ: ಮೊದಲು ವೀಸಾ, ಆಮೇಲೆ ಟಿಕೆಟ್

ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವಿದೆ, ಸುಮಾರು ಹನ್ನೊಂದು ತಾಸಿನ ಹಾದಿ. ಹಾಗೆಂದು ಅಗ್ಗದ ಟಿಕೆಟ್ ಹುಡುಕುವುದರಿಂದ ಶುರು ಮಾಡಬೇಡಿ. ವೀಸಾ ಸ್ಲಾಟ್ ಸಿಗುವ ದಿನವೇ ಉಳಿದೆಲ್ಲ ದಿನಾಂಕಗಳನ್ನು ನಿರ್ಧರಿಸುತ್ತದೆ.

ಷೆಂಗೆನ್ ವೀಸಾಕ್ಕೆ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹೊರಡಲು 15 ದಿನಗಳಾದರೂ ಉಳಿದಿರಬೇಕು. ತೀರ್ಮಾನ ಸಾಮಾನ್ಯವಾಗಿ 15 ದಿನಗಳಲ್ಲಿ ಬರುತ್ತದೆ. ಹೆಚ್ಚಿನ ಪರಿಶೀಲನೆಗೆ ಹೋದರೆ 45 ದಿನ. ಬೇಸಿಗೆ ರಜೆಗೆ ಹೋಗುವವರು ಜನವರಿಯಲ್ಲೇ ಕೈಹಾಕುವುದು ಒಳ್ಳೆಯದು. ಫ್ರಾನ್ಸ್-ವೀಸಾಸ್ ಜಾಲತಾಣದಲ್ಲಿ ಅರ್ಜಿ ತುಂಬಿ, ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ವಿಎಫ್ಎಸ್ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ವಯಸ್ಕರಿಗೆ ಶುಲ್ಕ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45, ಸೇವಾಶುಲ್ಕ ಬೇರೆ. ವೀಸಾ ನಿರಾಕರಿಸಿದರೆ ಹಣ ವಾಪಸಿಲ್ಲ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯುರೋಪ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು. ಅರ್ಜಿ ಎಡವುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲಿ: ಒಂದು ರಾತ್ರಿಗೆ ಹೋಟೆಲ್ ತೋರಿಸಿಲ್ಲ, ವಿಮೆ ವಾಪಸಿನ ಹಿಂದಿನ ದಿನವೇ ಮುಗಿಯುತ್ತದೆ, ಅರ್ಜಿಯ ಹಿಂದಿನ ವಾರ ಖಾತೆಗೆ ದಿಢೀರನೆ ದೊಡ್ಡ ಮೊತ್ತ ಬಂದು ಕೂತಿದೆ. ಜೊತೆಗೆ ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಸೇರಿಸಿದರೆ ಯಾವ ದೇಶದಲ್ಲಿ ಹೆಚ್ಚು ದಿನವೋ ಅಲ್ಲಿಗೇ ಅರ್ಜಿ. ಆರು ರಾತ್ರಿಗೆ ಮೂರು ದೇಶವೆಂದರೆ ನೋಡುವುದು ರೈಲು ನಿಲ್ದಾಣಗಳನ್ನೇ.

ವೀಸಾ ಕೈಸೇರುವವರೆಗೆ ಹೋಟೆಲ್ ಉಚಿತವಾಗಿ ರದ್ದಾಗುವಂಥದ್ದಿರಲಿ, ಟಿಕೆಟ್ ಹಣ ಹಿಂತಿರುಗುವಂಥದ್ದಿರಲಿ. ನಮ್ಮಲ್ಲಿ ಇನಿಷಿಯಲ್‌ನದೊಂದು ತಾಪತ್ರಯ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಹೆಸರನ್ನು ಹೇಗೆ ತುಂಬಬೇಕೆಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ.

ದುಬೈ, ದೋಹಾ ಮೂಲಕ ಹೋದರೆ ಇಮಿಗ್ರೇಷನ್ ಪ್ಯಾರಿಸ್ಸಿನಲ್ಲಿ. ಫ್ರಾಂಕ್‌ಫರ್ಟ್ ಮೂಲಕವಾದರೆ ಅಲ್ಲೇ, ಮುಂದಿನ ವಿಮಾನ ಹಿಡಿಯುವ ಅವಸರದ ನಡುವೆ. 2025ರ ಅಕ್ಟೋಬರ್ 12ರಿಂದ ಶುರುವಾದ ಇಇಎಸ್ (ಯುರೋಪಿಗೆ ಬಂದುಹೋಗುವ ಹೊರದೇಶದವರನ್ನು ಗಡಿಯಲ್ಲಿ ದಾಖಲಿಸುವ) ವ್ಯವಸ್ಥೆಯಲ್ಲಿ ಮೊದಲ ಸಲ ಹೋಗುವವರ ಮುಖದ ಫೋಟೊ ದಾಖಲಿಸುವುದರಿಂದ ಸಾಲು ನಿಧಾನ. ಎರಡು ತಾಸಿಗಿಂತ ಕಡಿಮೆ ಅಂತರದ ಕನೆಕ್ಷನ್ ಬೇಡ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ. ಇಲ್ಲವಾದರೆ ಮೊದಲನೆಯದು ತಡವಾದಾಗ ಎರಡನೆಯದರ ಹಣ ಹೋದಂತೆಯೇ. ಇನ್ನೊಂದು ಮಾತು: 15ನೇ ತಾರೀಕು ನಸುಕಿನ 1.50 ಎಂದಿದ್ದರೆ ಮನೆ ಬಿಡಬೇಕಾದ್ದು 14ರ ರಾತ್ರಿ. ಈ ಲೆಕ್ಕ ತಪ್ಪಿ ವಿಮಾನ ಕಳೆದುಕೊಳ್ಳುವವರು ಕಡಿಮೆಯಿಲ್ಲ.

ಒಣ ಕೊಬ್ಬರಿ ಗಿಟುಕು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಅದರ ಎಣ್ಣೆಯಂಶ ಬೆಂಕಿ ಹೊತ್ತಿಸಬಲ್ಲದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, ಮಿತಿ 100. ತುಪ್ಪ, ಪನೀರ್, ಹಸಿ ಕರಿಬೇವನ್ನು ಯುರೋಪಿನ ಕಸ್ಟಮ್ಸ್ ಬಿಡದು. ಚಟ್ನಿಪುಡಿ, ಅವಲಕ್ಕಿಗೆ ತೊಂದರೆಯಿಲ್ಲ. ಉಪ್ಪಿನಕಾಯಿಯನ್ನು ದ್ರವವೆಂದೇ ಲೆಕ್ಕ ಹಿಡಿಯುತ್ತಾರೆ, ದೊಡ್ಡ ಬ್ಯಾಗಿಗೆ ಹಾಕಿ.

ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಊರಿಗೆ ಆರ್‌ಇಆರ್ ಬಿ ರೈಲಿದೆ; ಜೇಬುಗಳ್ಳರ ಕಾಟವೂ ಇದೆ. ನಾಲ್ವರಿದ್ದರೆ ಟ್ಯಾಕ್ಸಿಯೇ ವಾಸಿ. 2025ರ ನಿಗದಿತ ದರ ಸೇನ್ ನದಿಯ ಬಲದಂಡೆಗೆ 56 ಯೂರೊ, ಎಡದಂಡೆಗೆ 65. ಟರ್ಮಿನಲ್ ಒಳಗೇ ಬಂದು ಕರೆಯುವ ಚಾಲಕರ ಹಿಂದೆ ಹೋಗದೆ, ಹೊರಗಿನ ಅಧಿಕೃತ ಸಾಲಿನಲ್ಲಿ ನಿಲ್ಲಿ.

ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ರಾತ್ರಿ ಎಂಟಾದಾಗ ನಿಮ್ಮ ದೇಹಕ್ಕೆ ನಡುರಾತ್ರಿ. ಮೊದಲ ದಿನ ಸಂಜೆಗೆ ದುಡ್ಡು ಕೊಟ್ಟ ಟಿಕೆಟ್ ಯಾವುದೂ ಬೇಡ. ಬಿಸಿಲಲ್ಲಿ ಓಡಾಡಿ, ಒಂಬತ್ತರವರೆಗೆ ಹೇಗಾದರೂ ಎಚ್ಚರವಿರಿ. ಮರುದಿನ ನಸುಕಿನಲ್ಲೇ ಎಚ್ಚರವಾಗುತ್ತದೆ, ಹಾಗಾಗಿ ಲೂವ್ರ್‌ನ ವಸ್ತುಸಂಗ್ರಹಾಲಯದ ಬೆಳಗಿನ ಮೊದಲ ಸಮಯವನ್ನು ಆ ದಿನಕ್ಕೆ ಕಾದಿರಿಸಿ. ಅದು ಮಂಗಳವಾರ ರಜೆ, ಓರ್ಸೆ ವಸ್ತುಸಂಗ್ರಹಾಲಯ ಸೋಮವಾರ. ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ 60 ದಿನ ಮುಂಚೆ ಆನ್‌ಲೈನ್‌ನಲ್ಲಿ ಬಿಡುಗಡೆಯಾಗಿ ಬೇಗ ಖಾಲಿಯಾಗುತ್ತದೆ.

ಒಂದೇ ಅಂಗಡಿಯಲ್ಲಿ 100 ಯೂರೊ ಮೀರಿ ಕೊಂಡಿದ್ದರೆ ತೆರಿಗೆ ವಾಪಸಿನ ಫಾರ್ಮ್ ಕೇಳಿ ಪಡೆಯಿರಿ. ಬ್ಯಾಗ್ ಚೆಕ್-ಇನ್ ಮಾಡುವ ಮೊದಲೇ ನಿಲ್ದಾಣದ ಪಾಬ್ಲೊ ಯಂತ್ರದಲ್ಲಿ ಅದನ್ನು ಸ್ಕ್ಯಾನ್ ಮಾಡಬೇಕು, ಕಸ್ಟಮ್ಸ್‌ನವರು ಸಾಮಾನು ತೋರಿಸಿ ಎನ್ನಬಹುದು.