ಮಾರ್ಷಲನ ವಂಶವೃಕ್ಷ ಬರೆಯಬೇಕೆ? ಮೊದಲು ಜಮೀನು ಹಿಡಿಯಿರಿ

ಕಂದಾಯ ಇಲಾಖೆಯಲ್ಲಿ 31 ವರ್ಷ ಪೌತಿ ಖಾತೆ ನೋಡಿದವಳು ನಾನು. ಯಾರ ವಂಶವೃಕ್ಷ ಕೈಗೆ ಬಂದರೂ ಜಮೀನು ಯಾರಿಂದ ಯಾರಿಗೆ ಹೋಯಿತು ಅಂತ ಮೊದಲು ಹುಡುಕುತ್ತೇನೆ. ಈಗ ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಥೇಮ್ಸ್ ನದಿ ದಾಟಿದರೆ ಕ್ಯಾವರ್‌ಶಮ್. ಪೆಂಬ್ರೋಕ್‌ನ ಅರ್ಲ್, ಅಂದರೆ ದೊರೆಯ ಕೈಕೆಳಗಿನ ದೊಡ್ಡ ಸರದಾರ, ವಿಲಿಯಂ ಮಾರ್ಷಲ್ 1219ರ ಮೇ 14ರಂದು ತೀರಿಕೊಂಡದ್ದು ಅಲ್ಲಿ. ಅವನ ದೇಹವನ್ನು ಮೊದಲು ತಂದದ್ದು ನಾನು ಸಂಜೆ ತಿರುಗಾಡಲು ಹೋಗುವ ರೀಡಿಂಗ್ ಅಬ್ಬೆ ಎಂಬ ಕ್ರೈಸ್ತ ಮಠಕ್ಕೆ. ಅದು ತಿಳಿದ ಮೇಲೆ ಅವನ ಮನೆತನ ಬರೆಯದೆ ಇರಲಾಗಲಿಲ್ಲ. ನೀವೂ ಬರೆಯುವುದಾದರೆ ಹೀಗೆ ಮಾಡಿ.

ಹುಟ್ಟಿನಿಂದ ಶುರು ಮಾಡಬೇಡಿ, ಸಾವಿನಿಂದ ಮಾಡಿ. ವಿಲಿಯಂ ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. 1146-47 ಎನ್ನುವುದು ಅಂದಾಜು. ಸತ್ತ ದಿನ ಮಾತ್ರ ಪಕ್ಕಾ. ಅರ್ಲ್ ಸತ್ತರೆ ಜಮೀನು ಯಾರದು ಎಂದು ದೊರೆಗೆ ಗೊತ್ತಾಗಬೇಕಿತ್ತಲ್ಲ! ಆಗಿನ ದೊರೆ ಮೂರನೇ ಹೆನ್ರಿಯ ಕಾಲದಿಂದ ಇದಕ್ಕೆ ಉಳಿದುಬಂದ ವಿಚಾರಣೆ ಕಾಗದಗಳಿವೆ. ಊರಿನ ಪಂಚರು ಪ್ರಮಾಣ ಮಾಡಿ ಮೃತನ ಹೆಸರು, ಹಿಡುವಳಿ, ಸತ್ತ ದಿನ, ವಾರಸುದಾರ, ಅವನ ವಯಸ್ಸು ಹೇಳುತ್ತಿದ್ದರು. ಓದುತ್ತಿದ್ದರೆ ನಮ್ಮ ಮಹಜರೇ ಕಣ್ಣೆದುರು ಬರುತ್ತದೆ. ಮೂಲ ಕ್ಯೂ ಊರಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಭಾಷೆ ಲ್ಯಾಟಿನ್. ಹೆದರಬೇಡಿ, ಇಂಗ್ಲಿಷ್ ಸಾರಾಂಶಗಳಿವೆ. ಮೂರನೇ ಹೆನ್ರಿಗೆ ಕಟ್ಟಬೇಕಾದ ಹಣವನ್ನು ಬರೆದಿಟ್ಟ ದಾಖಲೆ ಸುರುಳಿಗಳಂತೂ ಅನುವಾದವಾಗಿ ಆನ್‌ಲೈನ್‌ನಲ್ಲಿ ಬಿಟ್ಟಿ ಸಿಗುತ್ತವೆ.

ಆಮೇಲೆ ಹೆಣ್ಣುಮಕ್ಕಳನ್ನು ಹಿಡಿಯಿರಿ. ತುಂಬ ಜನ ಇವರನ್ನು ಬಿಟ್ಟುಬಿಡುತ್ತಾರೆ, ನನಗೆ ಸಂಕಟವಾಗುವುದು ಅಲ್ಲೇ. ವಿಲಿಯಂಗೆ ಐದು ಗಂಡು, ಐದು ಹೆಣ್ಣು. ಗಂಡುಮಕ್ಕಳು ಐವರೂ ಸರದಿಯಂತೆ ಅರ್ಲ್ ಪಟ್ಟಕ್ಕೆ ಹಕ್ಕುದಾರರಾದರು, ಐವರೂ ವಾರಸಿಲ್ಲದೆ ಹೋದರು: 1231ರಲ್ಲಿ ವಿಲಿಯಂ, 1234ರಲ್ಲಿ ರಿಚರ್ಡ್, 1241ರಲ್ಲಿ ಕುದುರೆ ಕಾಳಗದ ಪಂದ್ಯದಲ್ಲಿ ಗಿಲ್ಬರ್ಟ್, 1245ರ ಕೊನೆಗೆ ಒಂದೇ ತಿಂಗಳ ಅಂತರದಲ್ಲಿ ವಾಲ್ಟರ್ ಮತ್ತು ಆನ್ಸೆಲ್ಮ್. ಗಂಡುಮಗನಿದ್ದರೆ ಹಿರಿಯನಿಗೇ ಎಲ್ಲ. ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಹಾಗಾಗಿ ಆಸ್ತಿ ಐದು ಭಾಗವಾಯಿತು. ಮೂರನೆಯವಳು ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು: ಆಗ್ನೆಸ್, ಇಸಬೆಲ್, ಮಾಡ್, ಸಿಬಿಲ್, ಜೋನ್, ಅಗಾಥಾ, ಎಲಿನೋರ್. ಅಂದರೆ ತಲಾ 35ರಲ್ಲಿ ಒಂದು ಪಾಲು. ಅವರು ಯಾರನ್ನು ಮದುವೆಯಾದರು, ಮಕ್ಕಳೆಷ್ಟು ಎಂಬುದೆಲ್ಲ ಆ ಪಾಲಿನ ಹಿಂದೆಯೇ ಕಾಗದಕ್ಕೆ ಬಂತು. ಗಂಡುಮಕ್ಕಳ ಐದು ಕೊಂಬೆ ಒಣಗಿದ ಮರದಲ್ಲಿ ಹೆಣ್ಣುಮಕ್ಕಳ ಕಡೆಗೆ ನನ್ನ ಹಾಳೆ ಸಾಲದೆ ಇನ್ನೊಂದು ಅಂಟಿಸಬೇಕಾಯಿತು.

ಹೆಸರಿನಲ್ಲಿ ಎಡವದಂತೆ ನೋಡಿಕೊಳ್ಳಿ. ನಾನು ಎಡವಿದ್ದೆ. ವಿಲಿಯಂನ ಹೆಂಡತಿ ಇಸಬೆಲ್ ಡಿ ಕ್ಲೇರ್. ಮಗಳು ಇಸಬೆಲ್ ಮಾರ್ಷಲ್. ಈ ಮಗಳು ಡಿ ಕ್ಲೇರ್ ಮನೆತನದ ಇನ್ನೊಂದು ಕವಲಿಗೇ ಸೊಸೆಯಾಗಿ ಹೋದಳು. ಅವಳ ಮಗಳು ಮತ್ತೆ ಇಸಬೆಲ್ ಡಿ ಕ್ಲೇರ್! ಅಜ್ಜಿಯನ್ನೂ ಮೊಮ್ಮಗಳನ್ನೂ ಒಂದೇ ಚೌಕದಲ್ಲಿ ಬರೆದು, ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್‌ನನ್ನು ಎರಡು ತಲೆಮಾರು ಮೇಲಕ್ಕೆ ಕೂರಿಸಿದ್ದೆ. ಅವನು ಮೊಮ್ಮಗಳು ಇಸಬೆಲ್‌ಳ ಮಗನ ಮಗ. ಅಂದಿನಿಂದ ಪ್ರತಿ ಹೆಂಗಸಿನ ಹೆಸರಿನ ಜೊತೆ ತಂದೆ, ಗಂಡ ಇಬ್ಬರನ್ನೂ ಬರೆಯುತ್ತೇನೆ.

ಇಸವಿಯಲ್ಲೂ ಎಚ್ಚರ ಬೇಕು. 'ಮೂರನೇ ಹೆನ್ರಿಯ 30ನೇ ವರ್ಷ' ಅಂದರೆ 1245ರ ಅಕ್ಟೋಬರ್ 28ರಿಂದ ಮುಂದಿನ ಅಕ್ಟೋಬರ್ 27ರವರೆಗೆ. ಅಲ್ಲದೆ ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಹಳೆಯ ಬರಹದ 1230ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1231.

ಗುರಾಣಿಯ ಗುರುತೂ ಸಾಕ್ಷಿಯೇ. ಮಾರ್ಷಲರದು ಅರ್ಧ ಹೊನ್ನು, ಅರ್ಧ ಹಸಿರು, ನಡುವೆ ಕೆಂಪು ಸಿಂಹ. ಹಿರಿಯ ಮಗಳು ಮಟಿಲ್ಡಾಳ ಮಗ ರೋಜರ್ ಬಿಗಾಡ್‌ಗೆ ಮಾರ್ಷಲ್ ಎಂಬ ಅರಮನೆಯ ಹುದ್ದೆ ಬಂದ ಮೇಲೆ ಆ ಸಿಂಹ ಬಿಗಾಡರ ಗುರಾಣಿಗೆ ಹೋಯಿತು.

ಹೆಂಡತಿಯ ಕಡೆ ಮೇಲಕ್ಕೆ ಹೋದರೆ ದಾರಿ ಸಲೀಸು: ಅವಳ ತಂದೆ ಸ್ಟ್ರಾಂಗ್‌ಬೋ ಎಂಬ ಅಡ್ಡಹೆಸರಿನ ರಿಚರ್ಡ್ ಡಿ ಕ್ಲೇರ್, ತಾಯಿ ಐರ್ಲೆಂಡಿನ ಲೆನ್‌ಸ್ಟರ್ ದೊರೆಯ ಮಗಳು ಈಫಾ. ವಿಲಿಯಂನ ಕಡೆ ಹಾಗಲ್ಲ. ಮಗ ಬರೆಸಿದ 19,214 ಸಾಲಿನ ಕಾವ್ಯವೊಂದು ಉಳಿದಿದೆ, ಆದರೆ ಅದು ಮನೆಯವರ ಹೇಳಿಕೆ. ಬೇರೆ ಕಾಗದದ ಜೊತೆ ತಾಳೆ ನೋಡಿಯೇ ಒಪ್ಪಿ. ತಂದೆ ಜಾನ್ ಫಿಟ್ಸ್‌ಗಿಲ್ಬರ್ಟ್. ಫಿಟ್ಸ್ ಅಂದರೆ ಮಗ, ಹಾಗಾಗಿ ಅಜ್ಜ ಗಿಲ್ಬರ್ಟ್. 1130ರ ಖಜಾನೆ ಸುರುಳಿಯಲ್ಲಿ ಜಾನ್ ತಂದೆಯ ಜಮೀನಿಗೂ ಹುದ್ದೆಗೂ ದೊರೆಗೆ ಹಣ ಕೊಡಬೇಕಾದ ನಮೂದಿದೆ. ಅದಕ್ಕೂ ಹಿಂದಿನ ಹೆಸರುಗಳನ್ನು ತುಂಬಿದ ವೃಕ್ಷಗಳು ಸಿಗುತ್ತವೆ. ಯಾವ ಜಮೀನಿನ ಕಾಗದದಿಂದ ಬಂತು ಎಂದು ಕೇಳಿ. ನನ್ನ ಹಾಳೆಯಲ್ಲಿ ಗಿಲ್ಬರ್ಟ್‌ನ ಮೇಲೆ ಗೆರೆ ಎಳೆದಿಲ್ಲ.