‘ಸೂಕ್ತ ಕ್ರಮ’ ಅಂದ್ರ ಏನ್ರಿ ಸರ?

ರಾಯಚೂರು ಜಿಲ್ಲೆಯ ದೇವದುರ್ಗ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ನಾನು ಸಿ.ಆರ್.ಪಿ., ಅಂದರೆ ಒಂದು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ ಆಗಿ ಒಂದು ವರ್ಷ ತುಂಬಿತ್ತು. ಹೊರಡುವ ಹೊತ್ತಿಗೆ ಎಂದಿನಂತೆ ಸಂದರ್ಶಕರ ಪುಸ್ತಕ ಕೇಳಿದೆ. ಮುಖ್ಯಗುರು ಮೇಡಂ ಪುಸ್ತಕ ನನ್ನ ಕೈಗೆ ಕೊಡಲಿಲ್ಲ. ತಾವೇ ಹಾಳೆ ತಿರುವಿ ನನ್ನ ಹಿಂದಿನ ನಾಲ್ಕು ಭೇಟಿಗಳ ಬರಹವನ್ನು ಒಂದೊಂದಾಗಿ ತೋರಿಸಿದರು. ನಾಲ್ಕರಲ್ಲೂ ಒಂದೇ ಸಾಲು: ‘ಮಕ್ಕಳ ಹಾಜರಾತಿ ಹೆಚ್ಚಿಸಲು ಸೂಕ್ತ ಕ್ರಮ ವಹಿಸುವುದು.’ ಕೆಳಗೆ ನನ್ನ ಸಹಿ, ತಾರೀಖು.

“ಸರ, ಸಿಟ್ಟಾಗಬ್ಯಾಡ್ರಿ. ಈ ಸೂಕ್ತ ಕ್ರಮ ಅಂದ್ರ ಏನ್ರಿ? ನಿಮಗ ಗೊತ್ತಿದ್ರ ಹೇಳ್ರಿ, ನಾಳಿಂದನ ಮಾಡ್ತೀನಿ.”

ನನಗೆ ಗೊತ್ತಿರಲಿಲ್ಲ. ಚಹಾ ಬಂತು, ಕುಡಿದೆ. ಅವತ್ತು ಪುಸ್ತಕದಲ್ಲಿ ಏನೂ ಬರೆಯದೆ ಬೈಕ್ ಹತ್ತಿದೆ.

ನಾನೂ ಹದಿಮೂರು ವರ್ಷ ಪಾಠ ಮಾಡಿದವನೇ. ಪರೀಕ್ಷೆ ಬರೆದು, ಕೌನ್ಸೆಲಿಂಗಿನಲ್ಲಿ ಈ ಕೆಲಸ ಆರಿಸಿಕೊಂಡು ಬಂದೆ. ಕ್ಲಸ್ಟರಿನಲ್ಲಿ 17 ಶಾಲೆ. ಅರ್ಧಕ್ಕರ್ಧ ಶಾಲೆಗಳ ದಾರಿ ಎರಿ ಹೊಲಗಳ ನಡುವೆ. ಮಳೆ ಬಂದರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂರುತ್ತದೆ, ಕಡ್ಡಿಯಿಂದ ಕೆತ್ತಿ ತೆಗೆದು ಮುಂದೆ ಹೋಗಬೇಕು. ಇಷ್ಟು ಕಷ್ಟಪಟ್ಟು ಮುಟ್ಟಿದ ಶಾಲೆಯಲ್ಲಿ ನಾನು ಮಾಡುತ್ತಿದ್ದದ್ದು ಮುಕ್ಕಾಲು ಗಂಟೆಯ ಕೆಲಸ. ಹಾಜರಿ ಪುಸ್ತಕ ನೋಡುವುದು, ಎರಡು ತರಗತಿಗೆ ಹೋಗಿ ಮಗ್ಗಿ ಕೇಳುವುದು, ಮೇಲಿನವರು ಕೇಳಿದ ಮಾಹಿತಿಯ ನಮೂನೆ ತುಂಬಿಸಿಕೊಳ್ಳುವುದು, ಪುಸ್ತಕದಲ್ಲಿ ‘ಕ್ರಮ ವಹಿಸುವುದು’ ಅಂತ ಬರೆಯುವುದು. ಹೆಡ್ ಮಾಸ್ತರರಿಗೆ ಬೆಂಬಲ ಕೊಡುವುದು ಅಂದರೆ ಇದೇ ಅಂದುಕೊಂಡಿದ್ದೆ.

ಹೆಡ್ ಮಾಸ್ತರ್ ಅಂದಕೂಡಲೇ ಪ್ರತ್ಯೇಕ ಕೋಣೆ, ಗಂಟೆ ಹೊಡೆಯಲು ಜವಾನ ಎಲ್ಲ ಇರುವ ಚಿತ್ರ ಕಣ್ಣಮುಂದೆ ಬರುತ್ತದಲ್ಲ, ಅದು ಹೈಸ್ಕೂಲಿನದು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲೇ ಕಿರಿಯ ಪ್ರಾಥಮಿಕದಲ್ಲಿ 150 ಮಕ್ಕಳಿಗಿಂತ ಹೆಚ್ಚಿದ್ದರೆ, ಹಿರಿಯ ಪ್ರಾಥಮಿಕ ತರಗತಿಗಳಲ್ಲಿ 100ಕ್ಕಿಂತ ಹೆಚ್ಚಿದ್ದರೆ ಮಾತ್ರ ಪೂರ್ಣಾವಧಿ ಮುಖ್ಯ ಶಿಕ್ಷಕರು. ಅದಕ್ಕಿಂತ ಸಣ್ಣ ಶಾಲೆಗಳಲ್ಲಿ ಸೇವಾ ಹಿರಿತನ ಇದ್ದವರ ಕೊರಳಿಗೆ ಚಾರ್ಜ್ ಬೀಳುತ್ತದೆ. ಅವರು ತಮ್ಮ ತರಗತಿಯನ್ನೂ ತೆಗೆದುಕೊಳ್ಳಬೇಕು, ಶಾಲೆಯನ್ನೂ ನಡೆಸಬೇಕು. ನಮ್ಮ ಕಡೆ ಖಾಲಿ ಹುದ್ದೆಗಳ ತಾಪತ್ರಯ ಬೇರೆ. ಅತಿಥಿ ಶಿಕ್ಷಕರು ಬರುವತನಕ ಇದ್ದವರೇ ಎರಡು ಮೂರು ತರಗತಿ ಕೂಡಿಸಿ ಕೂರಿಸಿಕೊಳ್ಳುತ್ತಾರೆ. ನಾನು ಹೇಳುತ್ತಿರುವ ಮೇಡಂ ಕೂಡ ಇನ್‌ಚಾರ್ಜ್. ಅವರ ವಿಷಯ ಗಣಿತ.

ಅವರ ಪ್ರಶ್ನೆ ಒಂದು ವಾರ ತಲೆಯಲ್ಲಿ ಕೊರೆಯಿತು. ಮುಂದಿನ ಸಲ ನಮೂನೆ ಒಯ್ಯಲಿಲ್ಲ, ಬುತ್ತಿ ಒಯ್ದೆ. “ಇವತ್ತು ಇಡೀ ದಿನ ಇಲ್ಲೇ ಇರ್ತೀನ್ರಿ, ನಿಮ್ಮ ಜೋಡಿ” ಅಂದೆ. ಮೇಡಂ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. ಯಾರೋ ಅರ್ಜಿ ಹಾಕಿರಬೇಕು, ತನಿಖೆಗೆ ಬಂದಿದ್ದಾನೆ ಅಂದುಕೊಂಡರಂತೆ. ಆಮೇಲೆ ಹೇಳಿದರು.

ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅಡುಗೆಯಾಕೆ ಬಂದು ನಿಂತಳು, ಸಿಲಿಂಡರ್ ಮುಗಿದಿದೆ. ಅದಕ್ಕೆ ಫೋನು. ಹಾಲು ಕೊಟ್ಟಾಯಿತು. ಏಳನೆಯ ತರಗತಿಯಲ್ಲಿ ಭಿನ್ನರಾಶಿ. ಮೇಡಂ ಬೋರ್ಡಿನ ಮೇಲೆ ದುಂಡಗೆ ಒಂದು ಜೋಳದ ರೊಟ್ಟಿ ಬರೆದು, “ಇದನ್ನ ಮೂರು ಮಂದಿ ಅಣ್ಣತಮ್ಮರು ಹಂಚಿಕೊಂಡ್ರು” ಅಂತ ಶುರು ಮಾಡಿದರು. ಮೊದಲ ಗೆರೆ ಎಳೆದರು. ಒಬ್ಬ ಪಾಲಕರು ಬಾಗಿಲಲ್ಲಿ ನಿಂತರು, ವ್ಯಾಸಂಗ ಪ್ರಮಾಣಪತ್ರ ಬೇಕು, 371 ಜೆ (ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸಲುವಾಗಿ, ಇವತ್ತೇ ಕೊನೇ ದಿನ. ಬರೆದುಕೊಟ್ಟು ಬಂದರು. ಎರಡನೇ ಗೆರೆ. ಫೋನು: ಶೌಚಾಲಯದ ಫೋಟೊ ಗ್ರೂಪಿಗೆ ಹಾಕಿ, ಹನ್ನೊಂದರ ಒಳಗೆ. ಹೊರಗೆ ಹೋಗಿ ಫೋಟೊ ತೆಗೆದು, ನೆಟ್‌ವರ್ಕ್ ಸಿಗದೆ ನೀರಿನ ಟ್ಯಾಂಕಿನ ಕಟ್ಟೆ ಹತ್ತಿ ಕಳಿಸಿ ಬಂದರು. ಮೊಟ್ಟೆಯವ ಬಂದ. ಎಣಿಸಿಕೊಳ್ಳಬೇಕು, ಒಡೆದದ್ದು ಬೇರೆ ಇಡಬೇಕು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ತರಿಸಬೇಕು. 2002ರಲ್ಲಿ ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, ಮೊಟ್ಟಮೊದಲು ಶುರುವಾದದ್ದೇ ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ. ಊಟದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೊಟ್ಟೆಗೆ ಆಗ ಸಿಗುತ್ತಿದ್ದ 6 ರೂಪಾಯಿಯೊಳಗೇ ಬೇಯಿಸುವ ಖರ್ಚೂ ಸುಲಿಯುವ ಕೂಲಿಯೂ ಸೇರಿತ್ತು. ಚಳಿಗಾಲದಲ್ಲಿ ಅಂಗಡಿಯ ದರ ಏರಿದರೆ ಮೇಲಿನ ಚಿಲ್ಲರೆ ಮೇಡಂ ಪರ್ಸಿನಿಂದ.

ಊಟದ ಗಂಟೆ ಹೊಡೆಯಿತು. ಬೋರ್ಡಿನ ಮೇಲೆ ರೊಟ್ಟಿ ಹಾಗೇ ಇತ್ತು, ಎರಡು ಗೆರೆ ಎಳೆದು ಮೂರನೆಯದು ಬಾಕಿ. ಅಷ್ಟರಲ್ಲಿ ಮೇಡಂ ಒಂಬತ್ತು ಸಲ ಎದ್ದು ಹೋಗಿದ್ದರು. ನನ್ನ ಡೈರಿಯಲ್ಲಿ ಒಂದೊಂದಕ್ಕೆ ಒಂದೊಂದು ಗೀಟು ಹಾಕುತ್ತಾ ಕೂತಿದ್ದೆ. ಆ ಒಂಬತ್ತರಲ್ಲಿ ಎರಡು ಫೋನು ನನ್ನ ಗ್ರೂಪಿಗೇ ಸಂಬಂಧಪಟ್ಟದ್ದು ಅಂತ ತಿಳಿದಾಗ ಬುತ್ತಿಯ ಚಟ್ನಿ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಮನೆ ಬಿಡುವಾಗ ‘ತುರ್ತು’ ಅಂತ ಫಾರ್ವರ್ಡ್ ಮಾಡಿ ಬಂದವನು ನಾನೇ.

ಅವತ್ತಿನಿಂದ ಮೊದಲು ಮಾಡಿದ ಕೆಲಸ ಬಹಳ ಸಣ್ಣದು. ಕೇಳಿದ ಮಾಹಿತಿ ಈಗಾಗಲೇ ಯು-ಡೈಸ್‌ನಲ್ಲೋ ಸ್ಯಾಟ್ಸ್‌ನಲ್ಲೋ (ಶಾಲೆ, ಮಕ್ಕಳ ವಿವರ ತುಂಬುವ ಸರಕಾರದ ಆನ್‌ಲೈನ್ ದಾಖಲೆಗಳಲ್ಲಿ) ಇದೆಯಾ ಅಂತ ನಾನೇ ನೋಡುವುದು. ಮಕ್ಕಳ ಸಂಖ್ಯೆ, ಕೋಣೆ, ಶೌಚಾಲಯ, ಕುಡಿಯುವ ನೀರು, ಶಿಕ್ಷಕರ ವಿವರ — ಮುಕ್ಕಾಲು ಪಾಲು ಅಲ್ಲೇ ಇರುತ್ತಿತ್ತು. 17 ಶಾಲೆಗೂ ಒಂದೊಂದು ಹಾಳೆ ಮಾಡಿ ನಮೂನೆ ನಾನೇ ತುಂಬಿ, “ಸರಿ ಅದಾವೇನ್ರಿ, ನೋಡಿ ಹೇಳ್ರಿ” ಅಂತ ಸಂಜೆ ನಾಲ್ಕೂವರೆಯ ಮೇಲೆ ಕಳಿಸುತ್ತಿದ್ದೆ. ಶಾಲೆಯ ಹೊತ್ತಿನಲ್ಲಿ ಫೋನ್ ಮಾಡುವುದು ಬಿಟ್ಟೆ. ಕೆಲವು ಸಹೋದ್ಯೋಗಿಗಳು, “ಮಾಸ್ತರಗಳನ್ನ ಕೆಡಸ್ಲಿಕ್ಕತ್ತೀರಿ” ಅಂತ ನಕ್ಕರು. ಇರಲಿ. ಎರಡು ಸಲ ಮಾಹಿತಿ ತಡವಾಗಿ ಕೊಟ್ಟದ್ದಕ್ಕೆ ಸಭೆಯಲ್ಲಿ ಎದ್ದು ನಿಂತು ಬೈಸಿಕೊಂಡೆ. ಅದನ್ನು ಹೆಡ್ ಮಾಸ್ತರರ ತನಕ ದಾಟಿಸದೆ ಅಲ್ಲೇ ನುಂಗಿದ್ದು ನನ್ನ ಸಿ.ಆರ್.ಪಿ. ಜೀವನದ ದೊಡ್ಡ ಸಾಧನೆ ಅಂತ ಈಗಲೂ ಅನ್ನಿಸುತ್ತದೆ.

ನಾಯಕತ್ವದ ತರಬೇತಿ ಆಗಿಲ್ಲವೆಂದಲ್ಲ. ದೆಹಲಿಯ ಶಿಕ್ಷಣ ಯೋಜನಾ ಸಂಸ್ಥೆ ನೀಪಾದಲ್ಲಿ ಶಾಲಾ ನಾಯಕತ್ವಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರವಿದೆ, ನಮ್ಮ ರಾಜ್ಯಕ್ಕೆ ಧಾರವಾಡದಲ್ಲಿ ಶಾಲಾ ನಾಯಕತ್ವದ ಸಂಸ್ಥೆ ಸಿಸ್ಲೆಪ್ ಇದೆ, ಜಿಲ್ಲೆಗೆ ಯರಮರಸ್ಸಿನ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ. ಮುಖ್ಯಗುರುಗಳು ತರಬೇತಿಗೆ ಹೋಗುತ್ತಾರೆ, ದೂರದೃಷ್ಟಿ, ತಂಡ ಕಟ್ಟುವುದು ಎಲ್ಲ ಕೇಳಿ ಬರುತ್ತಾರೆ, ಹೇಳುವವರೂ ಚೆನ್ನಾಗಿಯೇ ಹೇಳುತ್ತಾರೆ. ಬಂದ ಮರುದಿನ ಬೋರ್‌ವೆಲ್ ಮೋಟಾರು ಸುಟ್ಟಿರುತ್ತದೆ. ತರಬೇತಿಯ ಮಾತು ಶಾಲೆಯೊಳಗೆ ಕಾಲೂರಬೇಕಾದರೆ ಆಮೇಲಿನ ಎರಡು ಮೂರು ತಿಂಗಳು ಯಾರಾದರೂ ಜೊತೆಗೆ ಓಡಾಡಬೇಕು. ಆ ಯಾರಾದರೂ ಅಂದರೆ ಸಿ.ಆರ್.ಪಿ.ಯೇ, ಬೇರೆ ಯಾರೂ ಇಲ್ಲ.

ಇನ್ನು ಹಾಜರಾತಿ. ಸ್ವಲ್ಪ ಬಿಡುವು ಸಿಕ್ಕ ಮೇಲೆ ನಾನೂ ಮೇಡಮ್ಮೂ ಹಾಜರಿ ಪುಸ್ತಕ ಇಟ್ಟುಕೊಂಡು ಕೂತೆವು. ಅದುವರೆಗೆ ನಾನು ಶೇಕಡಾ ಮಾತ್ರ ನೋಡುತ್ತಿದ್ದೆ. ಈಗ ಹೆಸರು ಹಿಡಿದು ನೋಡಿದಾಗ ಕಂಡದ್ದೇ ಬೇರೆ. ನವೆಂಬರ್ ಶುರುವಾದಾಗಿನಿಂದ ಆರು, ಏಳನೆಯ ತರಗತಿಯಲ್ಲಿ ಅವೇ ಹದಿನಾಲ್ಕು ಹೆಸರುಗಳ ಮುಂದೆ ಕೆಂಪು ಗುರುತು. ಅದರಲ್ಲಿ ಹನ್ನೊಂದು ಹುಡುಗಿಯರು. ಸಂತೆಯ ದಿನ ಮಾತ್ರ ಬಂದಿದ್ದಾರೆ, ಯಾಕೆಂದರೆ ಸಂತೆಯ ದಿನ ಹತ್ತಿ ಬಿಡಿಸುವ ಕೂಲಿ ಇರುವುದಿಲ್ಲ. ಅದಲ್ಲದೆ ದೀಪಾವಳಿ ಮುಗಿಸಿಕೊಂಡು ಗುಳೆ ಹೋದವರ ಮಕ್ಕಳು ಬೇರೆ. ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದ ಕುಟುಂಬದ ಹುಡುಗನಿಗೂ, ಊರಲ್ಲೇ ಇದ್ದು ಹತ್ತಿ ಹೊಲಕ್ಕೆ ಹೋಗುವ ಹುಡುಗಿಗೂ ‘ಸೂಕ್ತ ಕ್ರಮ’ ಒಂದೇ ಇರಲು ಹೇಗೆ ಸಾಧ್ಯ?

ಎಸ್.ಡಿ.ಎಂ.ಸಿ. (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು ಪಾಲಕರಿಗೆ ತಿಳಿ ಹೇಳೋಣ ಅಂದೆ. ಮೇಡಂ ತಲೆ ಅಲ್ಲಾಡಿಸಿದರು. “ಸಭಾಕ್ಕ ಬರೋರ ಮಕ್ಕಳು ಸಾಲಿಗೆ ಬರ್ತಾರ್ರಿ ಸರ. ಬರದಿರೋರ ತಾಯಂದ್ರು ಆರೂವರಿಗೆ ಟಂಟಂ ಹತ್ತಿರ್ತಾರ. ನಾವ ಅಲ್ಲಿಗೆ ಹೋಗೂಣು.”

ಹೋದೆವು. ಡಿಸೆಂಬರಿನ ಚಳಿ, ಊರ ಅಗಸಿ ಮುಂದೆ ಕೂಲಿಯವರನ್ನು ಒಯ್ಯುವ ಮೂರು ಟಂಟಂ ಆಟೊ. ತಲೆಗೆ ಬಟ್ಟೆ ಸುತ್ತಿಕೊಂಡು, ಬುತ್ತಿಗಂಟು ಹಿಡಿದು ಹೆಂಗಸರು. ನಡುನಡುವೆ ನಮ್ಮ ಶಾಲೆಯ ಹುಡುಗಿಯರು, ಅಕ್ಕೋರನ್ನು ಕಂಡು ತಾಯಿಯ ಬೆನ್ನ ಹಿಂದೆ ಸರಿದರು. ಮೇಡಂ ಯಾರನ್ನೂ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಒಬ್ಬಾಕೆಯ ಪಕ್ಕ ನಿಂತು, “ಎಷ್ಟ್ ಬಿಡಿಸ್ತಾಳವ್ವಾ ನಿನ್ನ ಮಗಳು ದಿನಕ್ಕ?” ಅಂತ ಕೇಳಿದರು. ಹತ್ತಿ ಬಿಡಿಸುವ ಕೂಲಿ ಕೆ.ಜಿ. ಲೆಕ್ಕ. ಮಗಳು ಬಂದರೆ ತೂಕ ಹೆಚ್ಚು ಬೀಳುತ್ತದೆ, ಅಷ್ಟೇ. ಇನ್ನೊಬ್ಬಾಕೆ ಹೇಳಿದ್ದು ಬೇರೆ: ಮಗಳು ಬರುವುದು ಬಿಡಿಸಲಿಕ್ಕಲ್ಲ, ಹೊಲದ ಬದುವಿನಲ್ಲಿ ಕೂತು ಕೂಸು ಹಿಡಿಯಲಿಕ್ಕೆ. ಅಂಗನವಾಡಿ ತೆರೆಯುವ ಹೊತ್ತಿಗೆ ಟಂಟಂ ಊರು ದಾಟಿರುತ್ತದೆ.

ಎರಡನೆಯದಕ್ಕೆ ದಾರಿ ಸಿಕ್ಕಿತು. ಎಸ್.ಡಿ.ಎಂ.ಸಿ.ಯ ಸದಸ್ಯೆಯೊಬ್ಬರ ಅತ್ತೆ, ಮನೆಯಲ್ಲೇ ಇರುತ್ತಿದ್ದ ಮುದುಕಿ. ಅಂಗನವಾಡಿ ತೆರೆಯುವತನಕ ಎರಡು ತಾಸು ಕೂಸುಗಳನ್ನು ನೋಡಿಕೊಳ್ಳಲು ಒಪ್ಪಿದಳು. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಹೆಂಗಸರು ಇರಬೇಕು ಅಂತ ಕಾಯ್ದೆ ಯಾಕೆ ಹೇಳುತ್ತದೆ ಅನ್ನುವುದು ನನಗೆ ಹೊಳೆದದ್ದು ಅವತ್ತೇ. ನಾನಾಗಿದ್ದರೆ ಆ ಮುದುಕಿ ನೆನಪಾಗುತ್ತಲೇ ಇರಲಿಲ್ಲ. ನಾಲ್ಕು ಹುಡುಗಿಯರು ಶಾಲೆಗೆ ಬಂದರು. ಮೊದಲನೆಯದಕ್ಕೆ ಮೇಡಂ ಕೂಲಿ ಕರೆದೊಯ್ಯುವ ಮೇಸ್ತ್ರಿಯನ್ನೇ ಹಿಡಿದರು. ಆತನ ಮಗಳು ಅದೇ ಶಾಲೆಯ ಐದನೆಯ ತರಗತಿ. “ಸಾಲಿ ಹುಡುಗರನ್ನ ಗಾಡಿ ಹತ್ತಿಸಬ್ಯಾಡಪ್ಪ” ಅಂತ ದಿನಾ ಹೇಳಿದರು. ಆತ ಕೆಲವು ದಿನ ಕೇಳಿದ, ಕೆಲವು ದಿನ ಕೇಳಲಿಲ್ಲ. ಜನವರಿಯಲ್ಲಿ ಹೊಲದವರ ಅವಸರ ಜಾಸ್ತಿಯಾದಾಗ ಮತ್ತೆ ಐದು ಹೆಸರಿಗೆ ಕೆಂಪು ಗುರುತು ಬಿತ್ತು. ಹದಿನಾಲ್ಕರಲ್ಲಿ ಎಂಟು ಉಳಿದರು ಅನ್ನಬಹುದು. ಗುಳೆ ಹೋದವರ ವಿಷಯದಲ್ಲಿ ನಮ್ಮಿಂದ ಏನೂ ಆಗಲಿಲ್ಲ.

ಇದನ್ನು ಉಳಿದ ಮುಖ್ಯಗುರುಗಳಿಗೆ ನಾನು ಹೇಳಲು ಹೋಗಲಿಲ್ಲ, ಮೇಡಂ ಬಾಯಿಂದಲೇ ಹೇಳಿಸಿದೆ. ಅದುವರೆಗೆ ನಮ್ಮ ತಿಂಗಳ ಸಭೆ ಅಂದರೆ ಸುತ್ತೋಲೆ ಓದುವುದು. ಅದನ್ನು ಬದಲಿಸಿ ತಿಂಗಳಿಗೊಂದು ಶಾಲೆಯಲ್ಲಿ ಸೇರತೊಡಗಿದೆವು. ಮೊದಲ ಒಂದು ತಾಸು ಆ ಶಾಲೆಯ ತರಗತಿಗಳಲ್ಲಿ ಸುಮ್ಮನೆ ಕೂರುವುದು, ಆಮೇಲೆ ಮಾತು. ಮೂರನೇ ಸಭೆಯ ತನಕ ಮೊಟ್ಟೆ ದರ ಬಿಟ್ಟು ಬೇರೆ ಮಾತಿಲ್ಲ. ಬೈಯಲಿ ಅಂತ ಬಿಟ್ಟೆ. ನಾಲ್ಕನೇ ಸಭೆಯಲ್ಲಿ, ಸಣ್ಣ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯ ಮಾತು ಬಂದಾಗ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ಮಾಸ್ತರರೊಬ್ಬರು, “ನನಗ ನಲಿ-ಕಲಿ ಕಾರ್ಡು ಹೆಂಗ ನಡಸಬೇಕು ಅಂತ ಇವತ್ತಿಗೂ ಬರಂಗಿಲ್ರಿ. ನಮ್ಮ ಟೀಚರ್ ಮುಂದ ಹೇಳ್ಲಿಕ್ಕೆ ನಾಚಿಕಿ” ಅಂದರು. ಯಾರೂ ನಗಲಿಲ್ಲ. ಪಕ್ಕದ ಊರಿನ ಟೀಚರ್ ಒಬ್ಬರು ಎರಡು ಶನಿವಾರ ಅವರ ಶಾಲೆಗೆ ಹೋಗಿ ಕೂತು ತೋರಿಸಿಕೊಟ್ಟರು. ಹೆಡ್ ಮಾಸ್ತರರಾದವರಿಗೆ ‘ನನಗೆ ಬರುವುದಿಲ್ಲ’ ಅನ್ನಲು ಜಾಗವೇ ಇರುವುದಿಲ್ಲ. ಶಾಲೆಯಲ್ಲಿ ಅಂದರೆ ಕೈಕೆಳಗಿನವರ ಮುಂದೆ ಹಗುರ, ಕಚೇರಿಯಲ್ಲಿ ಅಂದರೆ ನೋಟಿಸು.

ನಾನು ಕೆಡಿಸಿದ್ದೂ ಉಂಟು. ಒಂದು ಶಾಲೆಯಲ್ಲಿ ಹೊಸದಾಗಿ ಚಾರ್ಜ್ ತಗೊಂಡ ಹುಡುಗ, ಸಂಭಾವಿತ. ತಡವಾಗಿ ಬರುವ ಹಿರಿಯ ಶಿಕ್ಷಕರೊಬ್ಬರಿಗೆ ಹೇಳಲಾಗದೆ ನನಗೆ ಫೋನ್ ಮಾಡಿದ. ನಾನು ಹುಮ್ಮಸ್ಸಿನಲ್ಲಿ ಹೋಗಿ ಎಲ್ಲರೆದುರು ಆ ಶಿಕ್ಷಕರನ್ನು ತರಾಟೆಗೆ ತೆಗೆದುಕೊಂಡೆ. ಅವರು ಮರುದಿನದಿಂದ ಹೊತ್ತಿಗೆ ಸರಿಯಾಗಿ ಬಂದರು. ಆದರೆ ಅವತ್ತಿನಿಂದ ಆ ಶಾಲೆಯಲ್ಲಿ ಸಣ್ಣಪುಟ್ಟದ್ದಕ್ಕೂ, “ಸಿ.ಆರ್.ಪಿ.ಗೆ ಹೇಳ್ರಿ, ಅವ್ರ ನಮ್ಮ ಹೆಡ್ ಮಾಸ್ತರ್” ಅನ್ನುವ ಮಾತು ಶುರುವಾಯಿತು. ಹುಡುಗ ಆರು ತಿಂಗಳಿಗೆ ಚಾರ್ಜ್ ಬೇಡ ಅಂತ ಬರೆದುಕೊಟ್ಟ. ಅವನ ಜೊತೆ ಕೂತು, ಆ ಮಾತನ್ನು ಹೇಗೆ ಆಡುವುದು ಅಂತ ಅವನಿಂದಲೇ ಎರಡು ಸಲ ಹೇಳಿಸಿ ನೋಡಿ, ನಾನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಬೇಕಿತ್ತು. ಅವನನ್ನು ಈಗಲೂ ದಾರಿಯಲ್ಲಿ ಕಂಡರೆ ನನಗೇ ಮುಜುಗರ.

ಹೋದ ವರ್ಷ ಮೇಡಂಗೆ ವರ್ಗಾವಣೆ ಆಯಿತು, ಲಿಂಗಸುಗೂರು ಕಡೆಗೆ. ಚಾರ್ಜ್ ಕೊಡುವ ದಿನ ನಾನೂ ಇದ್ದೆ. ದಾಖಲಾತಿ ಪುಸ್ತಕ, ಟಿ.ಸಿ. ಪುಸ್ತಕ, ಕ್ಯಾಶ್ ಬುಕ್, ದಾಸ್ತಾನು, ಅಕ್ಕಿ ಬೇಳೆ ಲೆಕ್ಕ, ಸಭಾ ನಡವಳಿ, ಎಲ್ಲವನ್ನೂ ಪಟ್ಟಿಯಲ್ಲಿ ನಂಬರ್ ಹಾಕಿ ಒಂದೊಂದಾಗಿ ಎಣಿಸಿ ಕೊಟ್ಟರು. ಕೊನೆಗೆ ಬ್ಯಾಗಿನಿಂದ ಹುಡುಗರ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಯಾವ ಮೇಸ್ತ್ರಿಯ ಗಾಡಿಯಲ್ಲಿ ಯಾವ ಓಣಿಯವರು ಹೋಗುತ್ತಾರೆ, ಅವನ ಫೋನ್ ನಂಬರ್, ಯಾವ ಮನೆಯಲ್ಲಿ ಕೂಸಿದೆ, ಯಾರ ಅಜ್ಜಿ ಊರಲ್ಲಿದ್ದಾಳೆ, ಯಾರು ದೀಪಾವಳಿಗೆ ಹೋಗಿ ಯುಗಾದಿಗೆ ಬರುತ್ತಾರೆ, ಎಲ್ಲ ಅದರಲ್ಲಿ.

ಹೊಸದಾಗಿ ಬಂದವರು ಪಟ್ಟಿಯನ್ನೂ ನೋಟ್‌ಬುಕ್ಕನ್ನೂ ಎರಡೆರಡು ಸಲ ನೋಡಿ, ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ಸರ, ಇದಕ್ಕ ನಂಬರ್ ಎಷ್ಟು ಹಾಕ್ಲಿ?”