‘ಬೇಕು’ ಎಂದರೆ ‘ಮಸ್ಟ್’ ಒಂದೇ ಅಲ್ಲ: ಇಂಗ್ಲಿಷ್ ಮೋಡಲ್ ಕ್ರಿಯಾಪದ ಬಳಸುವುದು ಹೇಗೆ?

ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಇಂಗ್ಲಿಷಿನ ಮುಖ್ಯ ಮೋಡಲ್ ಕ್ರಿಯಾಪದಗಳು ಈ 9. ಶಾಲೆಯಲ್ಲಿ ಇವನ್ನು ಕಾಲಗಳ ಪಟ್ಟಿಯೊಂದಿಗೆ ಬಾಯಿಪಾಠ ಮಾಡಿಸುವುದರಿಂದ ‘ಕುಡ್’ ಎಂದರೆ ‘ಕ್ಯಾನ್’ನ ಭೂತಕಾಲ, ಅಷ್ಟೇ ಎಂದು ತಲೆಯಲ್ಲಿ ಕೂತುಬಿಡುತ್ತದೆ. ದಿನನಿತ್ಯದ ಮಾತಿನಲ್ಲಿ ಇವು ಕಾಲಕ್ಕಿಂತ ಹೆಚ್ಚಾಗಿ ತಿಳಿಸುವುದು ಆಡುವವರ ಮನಸ್ಸನ್ನು: ಎಷ್ಟು ಖಾತ್ರಿ, ಎಷ್ಟು ಒತ್ತಾಯ, ಎಷ್ಟು ಮರ್ಯಾದೆ. ಕನ್ನಡದಲ್ಲಿ ಇದೇ ಕೆಲಸ ಕ್ರಿಯಾಪದದ ಕೊನೆಗೆ ಸೇರುವ ‘ಬೇಕು’, ‘ಬಹುದು’, ‘ಬಾರದು’ಗಳದ್ದು. ಹಾಗಾಗಿ ಮೊದಲು ಕನ್ನಡದ ಆ ಕೊನೆಯನ್ನು ಗಮನಿಸಿ, ಆಮೇಲೆ ಇಂಗ್ಲಿಷ್ ಪದ ಆರಿಸಿ.

ಮೊದಲ ಹಂತ: ವಾಕ್ಯದ ಕಟ್ಟು

ಮೋಡಲ್ ಆದ ಮೇಲೆ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು. ‘ಶಿ ಕ್ಯಾನ್ ಡ್ರೈವ್’ ಸರಿ. ‘ಶಿ ಕ್ಯಾನ್ ಡ್ರೈವ್ಸ್’, ‘ಶಿ ಕ್ಯಾನ್ ಟು ಡ್ರೈವ್’ ಎರಡೂ ತಪ್ಪು. ಪ್ರಶ್ನೆ ಮಾಡಲು ‘ಡು’ ಬೇಡ, ಮೋಡಲನ್ನೇ ಮುಂದೆ ತನ್ನಿ: ‘ಕ್ಯಾನ್ ಶಿ ಡ್ರೈವ್?’ ಎರಡು ಮೋಡಲ್ ಒಟ್ಟಿಗೆ ಬರುವುದಿಲ್ಲ. ‘ಐ ವಿಲ್ ಕ್ಯಾನ್ ಕಮ್’ ಅಲ್ಲ, ‘ಐ ವಿಲ್ ಬಿ ಏಬಲ್ ಟು ಕಮ್’. (ಸ್ಕಾಟ್ಲೆಂಡಿನಲ್ಲೂ ಅಮೆರಿಕದ ದಕ್ಷಿಣದಲ್ಲೂ ಕೆಲವರು ‘ಮೈಟ್ ಕುಡ್’ ಎಂದು ಜೋಡಿಸಿ ಆಡುವುದುಂಟು. ಸಂದರ್ಶನಕ್ಕೆ ಹೋದಾಗ ಅದು ಬೇಡ.)

ನಮ್ಮ ಕಡೆ ಆಗಾಗ ಕಿವಿಗೆ ಬೀಳುವ ‘ಐ ಕುಡ್ ನಾಟ್ ಏಬಲ್ ಟು ಕಮ್’ ಎರಡು ವಾಕ್ಯಗಳ ಕಲಬೆರಕೆ. ‘ಐ ಕುಡ್ ನಾಟ್ ಕಮ್’ ಎನ್ನಿ, ಇಲ್ಲವೇ ‘ಐ ವಾಸ್ ನಾಟ್ ಏಬಲ್ ಟು ಕಮ್’ ಎನ್ನಿ.

ಎರಡನೇ ಹಂತ: ಯಾವ ‘ಬೇಕು’?

ಡಾಕ್ಟರು ಹೇಳಿದ್ದಕ್ಕೆ, ಆಫೀಸಿನ ನಿಯಮ ಇರುವುದಕ್ಕೆ ಮಾಡಬೇಕಾದರೆ ‘ಹ್ಯಾವ್ ಟು’. ಹೇಳುವವರೇ ಒತ್ತಿ ಹೇಳಿದರೆ ‘ಮಸ್ಟ್’. ಸಲಹೆಯಾದರೆ ‘ಶುಡ್’. ಧಾರವಾಡಕ್ಕೆ ಬಂದ ನೆಂಟರಿಗೆ ‘ಯು ಮಸ್ಟ್ ಟ್ರೈ ದಿಸ್ ಪೇಢಾ’ ಎಂದರೆ ಅದು ಅಪ್ಪಣೆಯಲ್ಲ, ಪ್ರೀತಿಯ ಒತ್ತಾಯ. ಅದೇ ‘ಮಸ್ಟ್’ ಮೇಲಧಿಕಾರಿಯ ಮುಂದೆ ‘ಯು ಮಸ್ಟ್ ಸೈನ್ ಹಿಯರ್’ ಎಂದು ಬಂದರೆ ದಬಾಯಿಸಿದಂತೆ ಕೇಳುತ್ತದೆ.

ಊಹೆಯ ‘ಬೇಕು’ ಬೇರೆ. ‘ಅಂವ ಇಷ್ಟೊತ್ತಿಗೆ ಗದಗ ಮುಟ್ಟಿರಬೇಕು’ ಎನ್ನುವುದು ‘ಹಿ ಮಸ್ಟ್ ಹ್ಯಾವ್ ರೀಚ್ಡ್ ಗದಗ್ ಬೈ ನೌ’. ಗೊತ್ತಿದ್ದ ಸಂಗತಿಗೆ ಈ ‘ಮಸ್ಟ್’ ಹಾಕಬಾರದು. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ನಡೆದು ನಡೆದು ಕಾಲು ಸೋತು ಊಹಿಸಿದರೆ ‘ದಿಸ್ ಮಸ್ಟ್ ಬಿ ಎ ವೆರಿ ಲಾಂಗ್ ಪ್ಲಾಟ್‌ಫಾರ್ಮ್’. ಅದರ ಉದ್ದ 1,507 ಮೀಟರ್ ಎಂದು ಗೊತ್ತಿದ್ದರೆ ನೇರವಾಗಿ ‘ದಿಸ್ ಈಸ್’.

ದೊಡ್ಡ ಎಡವಟ್ಟು ಆಗುವುದು ನಿಷೇಧದಲ್ಲಿ. ‘ನೀವು ನಾಳೆ ಬರಬೇಕಾಗಿಲ್ಲ’ ಎನ್ನಲು ಹೋಗಿ ‘ಯು ಮಸ್ಟ್ ನಾಟ್ ಕಮ್ ಟುಮಾರೋ’ ಎಂದರೆ ‘ನಾಳೆ ಬರಲೇಬಾರದು’ ಎಂದಾಗುತ್ತದೆ; ಎದುರಿನವರು ಸಿಟ್ಟಾದರೂ ಆದಾರು. ‘ಬೇಕಾಗಿಲ್ಲ’ಕ್ಕೆ ‘ಡೋಂಟ್ ಹ್ಯಾವ್ ಟು’ ಅಥವಾ ‘ನೀಡಂಟ್’. ‘ಬಾರದು’ಕ್ಕೆ ಮಾತ್ರ ‘ಮಸ್ಟ್ ನಾಟ್’. ಊಹೆಯನ್ನು ಅಲ್ಲಗಳೆಯುವಾಗ ಬ್ರಿಟಿಷ್ ಬಳಕೆ ‘ಕಾಂಟ್’: ‘ಹಿ ಕಾಂಟ್ ಬಿ ಎಟ್ ಹೋಮ್’, ಅಂದರೆ ಮನ್ಯಾಗ ಇರಾಕ ಸಾಧ್ಯನ ಇಲ್ಲ.

ಮೂರನೇ ಹಂತ: ‘ಬಹುದು’

‘ಒಳಗೆ ಬರಬಹುದೇ’ ಎಂದು ಕೇಳಲು ‘ಮೇ ಐ’ ಆಗುತ್ತದೆ, ‘ಕ್ಯಾನ್ ಐ’ ಕೂಡ ಆಗುತ್ತದೆ. ‘ಇವತ್ತು ಮಳೆ ಬರಬಹುದು’ ಎನ್ನುವಾಗ ಮಾತ್ರ ‘ಕ್ಯಾನ್’ ನಡೆಯುವುದಿಲ್ಲ; ‘ಇಟ್ ಮೇ ರೇನ್’ ಅಥವಾ ‘ಇಟ್ ಮೈಟ್ ರೇನ್’. ‘ಮಳಿ ಬಂದೀತು, ಛತ್ರಿ ತಗೋ’ ಎನ್ನುವಾಗಿನ ಆ ‘ಬಂದೀತು’ ಇದೆಯಲ್ಲ, ಅದರ ಅನುಮಾನಕ್ಕೆ ‘ಮೈಟ್’ ಚೆನ್ನಾಗಿ ಹೊಂದುತ್ತದೆ. ‘ಅಂವ ಬರಲಿಕ್ಕಿಲ್ಲ’ ಎಂದರೆ ‘ಹಿ ಮೇ ನಾಟ್ ಕಮ್’. ಒಂದು ಊರಿನ ಸಾಮಾನ್ಯ ಸ್ವಭಾವ ಹೇಳುವಾಗ ‘ಕ್ಯಾನ್’ ಬರುತ್ತದೆ: ‘ಇಟ್ ಕ್ಯಾನ್ ಗೆಟ್ ವೆರಿ ಹಾಟ್ ಇನ್ ಹಾವೇರಿ ಇನ್ ಏಪ್ರಿಲ್’.

ನಾಲ್ಕನೇ ಹಂತ: ಕೇಳಿಕೊಳ್ಳುವುದು

‘ಆ ಫೈಲ್ ಕೊಡ್ರಿ’ ಎಂದಾಗ ಮರ್ಯಾದೆಯನ್ನೆಲ್ಲ ಆ ‘ರಿ’ ಹೊತ್ತಿರುತ್ತದೆ. ಇಂಗ್ಲಿಷಿನಲ್ಲಿ ‘ರಿ’ ಇಲ್ಲ. ‘ಗಿವ್ ಮಿ ದಟ್ ಫೈಲ್’ ಎಂದರೆ ‘ಕೊಡು’ ಎಂದಷ್ಟೇ ಆಯಿತು. ಹಿಂದೆ ‘ಪ್ಲೀಸ್’ ಸೇರಿಸಿದರೂ ಆಜ್ಞೆಯ ಧಾಟಿ ಪೂರ್ತಿ ಹೋಗುವುದಿಲ್ಲ. ಅಲ್ಲಿ ಮರ್ಯಾದೆ ಮೋಡಲಿನಲ್ಲಿದೆ. ಗೆಳೆಯರಿಗೆ ‘ಕ್ಯಾನ್ ಯು ಪಾಸ್ ಮಿ ದಟ್ ಫೈಲ್?’ ಸಾಕು. ಹಿರಿಯರಿಗೆ, ಅಪರಿಚಿತರಿಗೆ ‘ಕುಡ್ ಯು’. ಇಲ್ಲಿ ‘ಕುಡ್’ಗೂ ಭೂತಕಾಲಕ್ಕೂ ಸಂಬಂಧವೇ ಇಲ್ಲ. ‘ಮೇ ಯು ಹೆಲ್ಪ್ ಮಿ?’ ಎಂಬ ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ ಇಲ್ಲ. ‘ಮೇ’ ಹಾಕಿ ಅನುಮತಿ ಕೇಳುವುದು ನಮಗಾಗಿಯೇ ಹೊರತು ಎದುರಿನವರಿಂದ ಕೆಲಸ ಮಾಡಿಸಿಕೊಳ್ಳಲು ಅಲ್ಲ.

ಇನ್ನೂ ನಯವಾಗಿ ಕೇಳಲು ‘ವುಡ್ ಯು ಮೈಂಡ್ ವೇಟಿಂಗ್?’ ಇದಕ್ಕೆ ಉತ್ತರ ಕೊಡುವಾಗ ಎಚ್ಚರ ಬೇಕು. ಪ್ರಶ್ನೆಯ ಅರ್ಥ ‘ಕಾದರೆ ತೊಂದರೆಯಾಗುತ್ತದೆಯೇ’ ಎಂದು. ಕಾಯಲು ಒಪ್ಪಿಗೆ ಇದ್ದರೆ ‘ನೋ, ನಾಟ್ ಎಟ್ ಆಲ್’ ಎನ್ನಬೇಕು.

ವಿನಯಕ್ಕೆಂದು ಎಲ್ಲೆಡೆ ‘ವುಡ್’ ತುರುಕುವ ಚಾಳಿಯೂ ನಮ್ಮಲ್ಲಿದೆ. ‘ಐ ವುಡ್ ಬಿ ಕಮಿಂಗ್ ಟುಮಾರೋ’ ಎಂದರೆ ಕೇಳಿದವರು ‘ಆದರೆ’ ಎಂಬ ಮಾತಿಗೆ ಕಾಯುತ್ತಾರೆ: ಬರುತ್ತಿದ್ದೆ, ಆದರೆ ಏನೋ ಅಡ್ಡಿ ಇದೆ ಎಂದು. ಬರುವುದು ಖಚಿತವಿದ್ದರೆ ‘ಐ ವಿಲ್ ಕಮ್’.

‘ಶಲ್’ಗೆ ಇಂದಿನ ಮಾತಿನಲ್ಲಿ ಹೆಚ್ಚು ಕೆಲಸವಿಲ್ಲ. ‘ಕಿಟಕಿ ತೆಗೀಲೇನ್ರಿ’ ಎನ್ನಲು ‘ಶಲ್ ಐ ಓಪನ್ ದ ವಿಂಡೋ?’, ‘ಹೋಗೂಣೇನ್ರಿ’ ಎನ್ನಲು ‘ಶಲ್ ವಿ ಗೋ?’ ಇವೆರಡು ರೂಢಿಯಾದರೆ ಸಾಕು.

ಐದನೇ ಹಂತ: ಆಗಿಹೋದದ್ದು

‘ಹೋಗಬೇಕಾಯಿತು’ ಎಂದರೆ ಹೋಗಿದ್ದಾಗಿದೆ: ‘ಐ ಹ್ಯಾಡ್ ಟು ಗೋ’. ‘ಹೋಗಬೇಕಿತ್ತು, ಹೋಗಲಿಲ್ಲ’ ಎಂಬ ಪಶ್ಚಾತ್ತಾಪಕ್ಕೆ ‘ಐ ಶುಡ್ ಹ್ಯಾವ್ ಗಾನ್’. ಹುಬ್ಬಳ್ಳಿಯಿಂದ ಧಾರವಾಡಕ್ಕೆ ‘ಚಿಗರಿ’ ಎಂಬ ವೇಗದ ಬಸ್ ಬಿಟ್ಟು ಬೇರೆ ಬಸ್ ಹತ್ತಿ ತಡವಾದರೆ ‘ವಿ ಶುಡ್ ಹ್ಯಾವ್ ಟೇಕನ್ ದ ಚಿಗರಿ’. ‘ಹ್ಯಾವ್’ ಆದ ಮೇಲೆ ಕ್ರಿಯಾಪದದ ಮೂರನೇ ರೂಪ ಬೇಕು. ‘ಶುಡ್ ಹ್ಯಾವ್ ಟುಕ್’, ‘ಶುಡ್ ಹ್ಯಾವ್ ವೆಂಟ್’ ತಪ್ಪು. ಒಮ್ಮೆ ಕಷ್ಟಪಟ್ಟು ಸಾಧಿಸಿದ ಕೆಲಸಕ್ಕೆ ‘ಕುಡ್’ ಬೇಡ: ‘ಐ ವಾಸ್ ಏಬಲ್ ಟು ಕ್ಯಾಚ್ ದ ಟ್ರೇನ್’. ಚಿಕ್ಕಂದಿನಿಂದ ಬರುತ್ತಿದ್ದ ವಿದ್ಯೆಗೆ ‘ಕುಡ್’ ಸರಿ: ‘ಐ ಕುಡ್ ಸ್ವಿಮ್ ವೆನ್ ಐ ವಾಸ್ ಸಿಕ್ಸ್’.

ಉಚ್ಚಾರ

ಕುಡ್, ವುಡ್, ಶುಡ್ ಮೂರರಲ್ಲೂ ಬರೆಯುವಾಗಿನ ‘ಎಲ್’ ಉಚ್ಚಾರದಲ್ಲಿ ಇಲ್ಲ. ‘ಶುಡ್ ಹ್ಯಾವ್’ ವೇಗದಲ್ಲಿ ‘ಶುಡವ್’ ಆಗುತ್ತದೆ. ಇದನ್ನೇ ಕೇಳಿ ಇಂಗ್ಲಿಷರಲ್ಲೂ ಕೆಲವರು ‘ಶುಡ್ ಆಫ್’ ಎಂದು ತಪ್ಪಾಗಿ ಬರೆಯುತ್ತಾರೆ. ‘ಐ ಕ್ಯಾನ್ ಕಮ್’ ಎಂಬಲ್ಲಿ ಒತ್ತು ‘ಕಮ್’ ಮೇಲೆ ಬೀಳುತ್ತದೆ, ‘ಕ್ಯಾನ್’ ಸಣ್ಣಗೆ ‘ಕನ್’ ಆಗುತ್ತದೆ. ‘ಕಾಂಟ್’ಗೆ ಒತ್ತು ಬಿದ್ದೇ ಬೀಳುತ್ತದೆ, ಕೊನೆಯ ‘ಟ್’ ಮಾತ್ರ ಹಲವು ಸಲ ಕೇಳಿಸುವುದೇ ಇಲ್ಲ. ನಾವು ‘ಕ್ಯಾನ್’ ಮೇಲೂ ಒತ್ತು ಹಾಕುವುದರಿಂದ ಫೋನಿನಲ್ಲಿ ‘ಆಗುತ್ತದೆ’ ಎಂದದ್ದು ‘ಆಗುವುದಿಲ್ಲ’ ಎಂದು ಕೇಳಿಸುವ ಸಾಧ್ಯತೆ ಇದೆ. ದುಡ್ಡಿನ ವ್ಯವಹಾರ, ಬರುವ ಹೋಗುವ ದಿನಾಂಕದ ಮಾತು ಇದ್ದಾಗ ‘ಐ ಕ್ಯಾನಾಟ್ ಕಮ್’ ಎಂದು ಪೂರ್ತಿ ಬಿಡಿಸಿ ಹೇಳಿ.